ಎರಡು ವಿಭಾಗ, ಒಬ್ಬ ವಿದ್ಯಾರ್ಥಿ

ವಿಶ್ವವಿದ್ಯಾಲಯದಲ್ಲಿ ಭೂಗೋಳವನ್ನೂ ರಾಜ್ಯಶಾಸ್ತ್ರವನ್ನೂ ಜೊತೆಗೇ ಓದುವ ಕೋರ್ಸಿಗೆ ಆ ವರ್ಷ ಸೇರಿದವನು ಒಬ್ಬನೇ, ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಅವನ ಬಸ್ಸು ಸರ್ವೀಸು ಪೂರ್ತಿ ಒಂದು ಸೇತುವೆಯವರೆಗೆ ಹೋಗಿ ಹಿಂದಕ್ಕೆ ತಿರುಗುತ್ತಿತ್ತು. ಆಚೆಗೆ ಬೇರೆ ಜಿಲ್ಲೆ. ಎರಡು ದಡದಲ್ಲೂ ಅದೇ ಹುಲ್ಲು, ಅದೇ ಗಾಳಿ. ಗೆರೆ ಎಳೆದವರು ನದಿ ನೋಡಿ ಎಳೆದರೋ, ಜನರನ್ನು ನೋಡಿ ಎಳೆದರೋ? ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅವನನ್ನು ಕಾಡಿತ್ತು. ಒಂದು ಶಾಸ್ತ್ರ ಓದಿದರೆ ಅರ್ಧ ಉತ್ತರವೇ ಸಿಕ್ಕೀತೆಂದು ಎರಡಕ್ಕೂ ಸೇರಿದ. "ಊರು ಹೋಗು, ಕಾಡು ಬಾ ಅನ್ನೋ ವಯಸ್ಸಲ್ಲಿ ಕಾಲೇಜಾ?" ಎಂದು ನಕ್ಕ ಹೆಂಡತಿಯೇ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು.

ಮೊದಲ ದಿನವೇ ಆಫೀಸಿನ ಗುಮಾಸ್ತ ತಡೆದು ನಿಲ್ಲಿಸಿದ.

"ಕಂಡಕ್ಟ್ರೇ, ಇವತ್ತು ಮೊದಲ ಪಾಠ ಎರಡೂ ವಿಭಾಗದವರು ಒಟ್ಟಿಗೆ ಕೂತು ಮಾಡಬೇಕು. ಇಲ್ಲಾಂದ್ರೆ ಕೋರ್ಸಿಗೆ ಬೀಗ. ಆದ್ರೆ ಭೂಗೋಳದ ಮೇಷ್ಟ್ರಿಗೂ ರಾಜ್ಯಶಾಸ್ತ್ರದ ಮೇಡಮ್ಮಿಗೂ ಎಣ್ಣೆ ಸೀಗೆಕಾಯಿ. ಹಿಂದೆ ಮದುವೆ ಮಾತಾಗಿತ್ತು. ಯಾರ ಮನೇಲಿ ಸಂಸಾರ ಹೂಡೋದು ಅನ್ನೋ ಜಗಳಕ್ಕೆ ಮುರಿದುಬಿತ್ತು."

ಕಂಡಕ್ಟರ್ ಅಲ್ಲಿ ನಿಲ್ಲಲಿಲ್ಲ. ಮೇಷ್ಟರ ಕೋಣೆಗೆ ಓಡಿದ.

"ಆಕೆಯಾ? ಮೊಂಡುತನದಲ್ಲಿ ಬಂಡೆಗಲ್ಲು. ನಾನು ಬರಲ್ಲ," ಎಂದು ಮೇಷ್ಟರು ಭೂಪಟದತ್ತ ಮುಖ ತಿರುಗಿಸಿದರು.

ಅಂಗಳ ದಾಟಿ ಆಚೆ ಕಟ್ಟಡದ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಮಾತು ಅವನ ಬಾಯಲ್ಲಿ ಮೆತ್ತಗಾಗಿತ್ತು.

"ನಿಮ್ಮ ಮನಸ್ಸು ಬಂಡೆಯಷ್ಟು ಗಟ್ಟಿ ಅಂದ್ರು ಮೇಡಂ."

ಮೇಡಂ ಕನ್ನಡಕ ತೆಗೆದು ಒರೆಸಿದರು. "ಹೂಂ. ದಿನಾ ನನ್ನ ಕಿಟಕಿ ಕೆಳಗೇ ಕೆಮ್ಮಿಕೊಂಡು ಹೋಗೋದು ಬೇಡ ಅಂತ ಹೇಳಿ ಅವರಿಗೆ."

ಕಂಡಕ್ಟರ್ ಏದುಸಿರು ಬಿಡುತ್ತ ಮರಳಿದ. "ನೀವು ಕೆಮ್ಮೋದು ಮೇಡಮ್ಮಿಗೆ ದಿನಾ ಕೇಳುತ್ತಂತೆ ಸಾರ್."

ಮೇಷ್ಟರು ಭೂಪಟ ಬಿಟ್ಟು ಇತ್ತ ತಿರುಗಿದರು. "ಇನ್ನೂ ಕಿವಿಗೊಡ್ತಾಳಾ?" ಎನ್ನುತ್ತ ಬಾಚಣಿಗೆ ಹುಡುಕಿದರು.

ಮಧ್ಯಾಹ್ನ ಇಬ್ಬರೂ ಬಂದು ಒಂದೇ ಬೆಂಚಿನ ಎರಡು ತುದಿಗೆ ಕೂತರು. ಕಂಡಕ್ಟರ್ ಎದ್ದು ನಿಂತು ತನ್ನ ಸೇತುವೆಯ ಪ್ರಶ್ನೆ ಕೇಳಿದ. ಎಷ್ಟೋ ವರ್ಷದಿಂದ ಹಂಬಲಿಸಿದ್ದ ಗಳಿಗೆ ಅದು.

ಮೇಡಂ ಮೇಷ್ಟರ ಕಡೆ ತಿರುಗಿದರು. "ಗೆರೆ ಎಳೆದಿದ್ದು ನೀವು."

"ದಾಟಬೇಡ ಅಂತ ನಾನೆಲ್ಲಿ ಹೇಳಿದ್ದೆ?" ಎಂದರು ಮೇಷ್ಟರು. ಬೆಂಚಿನ ಮೇಲೆ ಆಕೆಯತ್ತ ತುಸು ಸರಿದರು.

ಕಂಡಕ್ಟರ್ ಮೆಲ್ಲಗೆ ಹೊರಬಂದು ಬಾಗಿಲು ಮುಂದೆ ಮಾಡಿದ. ಕೋರ್ಸು ಉಳಿಯಿತು ಎಂದು ಹೆಂಡತಿಗೆ ಫೋನ್ ಮಾಡಿದ.

ಸಂಜೆ ಗುಮಾಸ್ತ ಓಡಿ ಬಂದ. "ಏನು ಮೋಡಿ ಮಾಡಿದ್ರಿ ಕಂಡಕ್ಟ್ರೇ! ಇಬ್ಬರೂ ಮದುವೆ ಆಗ್ತಾರಂತೆ!"

"ಒಳ್ಳೇದಾಯ್ತು ಬಿಡಿ. ನಾಳೆ ಪಾಠ ಎಷ್ಟು ಹೊತ್ತಿಗೆ?"

"ಯಾವ ಪಾಠ? ಇಬ್ಬರೂ ಸ್ವಯಂ ನಿವೃತ್ತಿಗೆ ಅರ್ಜಿ ಹಾಕಿದ್ರು. ಅದು ಆಗೋ ತನಕ ರಜೆ. ಕಳ್ಕೊಂಡ ವರ್ಷಗಳು ಸಾಕು, ಇನ್ನಾದ್ರೂ ಒಟ್ಟಿಗೆ ಊರೂರು ಸುತ್ತುತ್ತೀವಿ ಅಂದ್ರು. ನಿಮ್ಮ ಕೋರ್ಸಿಗೆ ನಾಳೆಯಿಂದ ಬೀಗ."

ಗೇಟಿನ ಬಳಿಯಿಂದ ಇಬ್ಬರೂ ಕೈಬೀಸಿದರು. ಕಂಡಕ್ಟರನೂ ಬೀಸಿದ. ಅವನ ಸಂತೋಷ ಸುಳ್ಳಲ್ಲ, ಸಂಕಟವೂ ಸುಳ್ಳಲ್ಲ. ಒಂದೇ ಒಂದು ಪಾಠವನ್ನಾದರೂ ಕೇಳಬೇಕೆಂದು ಅವನಿಗೆ ಬಹಳ ಆಸೆಯಿತ್ತು.

"ಅಲ್ಲಾ ಸ್ವಾಮಿ," ಎಂದು ಕಂಡಕ್ಟರ್ ಗುಮಾಸ್ತನನ್ನು ಕೇಳಿದ, "ಇನ್ನೊಂದು ವರ್ಷ ಜಗಳ ಆಡ್ಕೊಂಡೇ ಪಾಠ ಮಾಡಬಾರದಿತ್ತಾ ಇವರು?"