ಮೂರನೇ ನಂಬರ್ ಡ್ರೈಯರಿನ ಟಂಕಸಾಲೆಗೆ

ಮಾನ್ಯ ಮೂರನೇ ನಂಬರ್ ಡ್ರೈಯರ್ ಅವರೇ,

ಹನ್ನೊಂದು ವರ್ಷ ಊರಿನವರ ಒದ್ದೆ ಬಟ್ಟೆಯನ್ನು ಬೇಸರವಿಲ್ಲದೆ ಒಣಗಿಸಿ, ಆಗೊಮ್ಮೆ ಈಗೊಮ್ಮೆ ಒಂಟಿ ಕಾಲುಚೀಲವನ್ನಷ್ಟೇ ಸಂಭಾವನೆಯಾಗಿ ಇಟ್ಟುಕೊಂಡ ತಮ್ಮ ನಾಲ್ಕೂ ರಬ್ಬರ್ ಪಾದಗಳಿಗೆ ಈ ಲಾಂಡ್ರಿಯ ಒಡತಿಯ ನಮಸ್ಕಾರಗಳು. ತಾವು ಗುಟ್ಟಾಗಿ ಟಂಕಸಾಲೆಯನ್ನೂ ನಡೆಸುತ್ತಿದ್ದಿರಿ ಎಂಬುದು ಕಳೆದ ತಿಂಗಳವರೆಗೂ ನನಗೆ ತಿಳಿದಿರಲಿಲ್ಲ. ಕ್ಷಮೆಯಿರಲಿ.

ರಿಪೇರಿಯವನು ತಮ್ಮ ಹೊಟ್ಟೆ ಬಿಚ್ಚಿದಾಗ, ಡ್ರಮ್ಮಿನ ಸಂದಿಯಲ್ಲಿ ವರ್ಷಗಟ್ಟಲೆ ಉರುಳಿ ಉರುಳಿ ಅಂಚು ಒಳಕ್ಕೆ ಸುತ್ತಿಕೊಂಡು, ಅಕ್ಷರ ಸವೆದು, ಮೈ ಕುಗ್ಗಿದ ಒಂದು ಹಳೇ ನಾಣ್ಯ ಕೆಳಗೆ ಬಿತ್ತು. ಒಗೆದ ಜಾಕೆಟ್ ಒಯ್ಯಲು ಬಂದಿದ್ದ ನಾಣ್ಯಸಂಗ್ರಾಹಕರ ಸಂಘದ ಅಧ್ಯಕ್ಷರು ಅದನ್ನು ಭೂತಗನ್ನಡಿಯಲ್ಲಿ ನೋಡಿ, ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ಅಪರೂಪದ ನಾಣ್ಯವೆಂದು ನಿಂತಲ್ಲೇ ತೀರ್ಪು ಕೊಟ್ಟರು. "ಸಾರ್, ಅದು ಈ ಡ್ರೈಯರಲ್ಲಿ ಸಿಕ್ಕಿದ್ದು" ಎಂದೆ. "ಬಟ್ಟೆ ವಿಷಯ ನೀವು ನೋಡ್ಕೊಳ್ಳಿ, ನಾಣ್ಯದ ವಿಷಯ ನನಗೆ ಬಿಡಿ ಅಮ್ಮಾ" ಎಂದರು. ಈಗ ತಮ್ಮ ಆ ಕೃತಿ ಸಂಘದ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಕೂತಿದೆ.

ತಮ್ಮ ಕೀರ್ತಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಅಂಗಡಿಯ ಮುಂಭಾಗದಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡಿರುವ ನನ್ನ ದರ್ಜಿ ಅಣ್ಣನನ್ನು ತಾವು ಬಲ್ಲಿರಿ. ಅಪ್ಪ ಬಸ್ ಕಂಡಕ್ಟರ್ ಆಗಿದ್ದಾಗ ಚಿಲ್ಲರೆಯಲ್ಲಿ ಸಿಕ್ಕಿದ, ಒಂದು ಬದಿ ಯಾರೋ ಕಚ್ಚಿದಂತಿರುವ ನಾಣ್ಯವನ್ನು ಅವನು ಹಿಂದೊಮ್ಮೆ ಸಂಘದ ಸಭೆಯಲ್ಲಿ ಅದೇ ಅಧ್ಯಕ್ಷರಿಗೆ ತೋರಿಸಿದ್ದ. ಅವರು ಕಚ್ಚಿದ ಕಡೆ ಮಾತ್ರ ನೋಡಿ, "ದರ್ಜಿ ಅಲ್ವಾ, ಕತ್ತರಿ ಕೈಯಲ್ಲೇ ಇರುತ್ತೆ" ಎಂದುಬಿಟ್ಟರು. ಸಭೆಗೆ ಸಭೆಯೇ ನಕ್ಕಿತು. ಅಣ್ಣನೇ ನನಗೆ ಹೇಳಿಕೊಟ್ಟಂತೆ, ಅಚ್ಚು ಬೀಳುವ ಮೊದಲೇ ನಾಣ್ಯದ ಖಾಲಿ ಬಿಲ್ಲೆ ತುಂಡಾಗಿದ್ದರೆ ಅದರ ನೇರ ಎದುರಿನ ಅಂಚು ಸರಿಯಾಗಿ ಏಳದೆ ಮಸುಕಾಗಿರುತ್ತದೆ, ಆಮೇಲೆ ಕತ್ತರಿಸಿದ್ದರೆ ಆ ಅಂಚಿಗೆ ಏನೂ ಆಗಿರುವುದಿಲ್ಲ. ಅಣ್ಣನ ನಾಣ್ಯದಲ್ಲಿ ಅದು ಮಸುಕಾಗಿಯೇ ಇದೆ, ಬಟ್ಟೆ ಒಗೆಯುವ ನನ್ನ ಕಣ್ಣಿಗೂ ಕಾಣುತ್ತದೆ. ಅಂದಿನಿಂದ ಅವನು ಸಂಘದ ಕಡೆ ತಲೆ ಹಾಕಿಲ್ಲ, ನಾಣ್ಯದ ಡಬ್ಬಿ ತೆರೆದಿಲ್ಲ. ಒಂದು ಗುಂಡಿ ಹೆಚ್ಚಿಗೆ ಬಂದರೂ ಗಿರಾಕಿಗೆ ವಾಪಸು ಕೊಡುವವನನ್ನು ಮೋಸಗಾರ ಎಂದರಲ್ಲ ಎಂದು ನನಗೆ ಮೈ ಉರಿಯುತ್ತದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಸಂಘವೇ ಒಪ್ಪಿರುವ ಟಂಕಸಾಲೆಯ ಮುಖ್ಯಸ್ಥರೆಂಬ ನೆಲೆಯಲ್ಲಿ, ಅಣ್ಣನ ನಾಣ್ಯಕ್ಕೊಂದು ಪ್ರಮಾಣಪತ್ರ ದಯಪಾಲಿಸಬೇಕಾಗಿ ವಿನಂತಿ. ಅದಾಗದಿದ್ದರೆ ಅಧ್ಯಕ್ಷರನ್ನು ಅರ್ಧ ಗಂಟೆ ಹೆಚ್ಚು ಬಿಸಿಯಲ್ಲಿ ತಮ್ಮೊಳಗೆ ಸುತ್ತಿಸಿ, ಹೊರಬಂದವರು ಹುಟ್ಟಿನಿಂದಲೇ ಹೀಗೋ, ಆಮೇಲೆ ಕೆಟ್ಟಿದ್ದೋ ಎಂಬುದನ್ನು ಸದಸ್ಯರೇ ಪರೀಕ್ಷಿಸಲು ಅನುವು ಮಾಡಿಕೊಡಬೇಕು. ಕರೆಂಟಿನ ಖರ್ಚು ನನ್ನದೇ.

ತಮ್ಮ ಬಿಸಿಗಾಳಿಯನ್ನೇ ನಂಬಿ ಬದುಕುವ ವಿಶ್ವಾಸಿ,
ಲಾಂಡ್ರಿಯವಳು

ಮರೆತ ಮಾತು: ನಿನ್ನೆ ಅಧ್ಯಕ್ಷರು ಮತ್ತೆ ಜಾಕೆಟ್ ತಂದುಕೊಟ್ಟು, "ಜೇಬು ನೋಡೋದೇನೂ ಬೇಡಮ್ಮಾ, ಮೂರನೇ ನಂಬರಿಗೇ ಹಾಕಿ" ಎಂದು ಹೇಳಿ ಹೋಗಿದ್ದಾರೆ. ಒಳಜೇಬಿನಲ್ಲಿ ಅಂಚು ಇನ್ನೂ ನೆಟ್ಟಗಿರುವ ಆರು ಹಳೇ ನಾಣ್ಯಗಳಿದ್ದವು. ಅವನ್ನು ಅಧ್ಯಕ್ಷರ ಹೆಸರಿರುವ ಜಾಕೆಟ್ಟಿನ ರಸೀತಿಯ ಸಮೇತ ಲಕೋಟೆಗೆ ಹಾಕಿದ್ದೇನೆ; ಭಾನುವಾರದ ಸಂಘದ ಸಭೆಗೆ ಅದನ್ನು ತಾನೇ ಒಯ್ಯುತ್ತೇನೆಂದು ಅಣ್ಣ ಇಸ್ತ್ರಿ ಮಾಡಿದ ಅಂಗಿ ಕೇಳಿದ್ದಾನೆ.