ಬೀಗದಣ್ಣ ಭದ್ರಪಡಿಸಿದ ವಿದೇಶ

ಬೀಗದಣ್ಣ ತೀರಿಕೊಂಡದ್ದು ಸ್ವದೇಶದಲ್ಲಿ, ಸ್ವಗೃಹದಲ್ಲಿ, ಸ್ವಂತ ಕುರ್ಚಿಯಲ್ಲಿ. ಮುಂಬಾಗಿಲಿಗೆ ಮೇಲೊಂದು ಕೆಳಗೊಂದು ಅಗುಳಿ ಬಿದ್ದಿತ್ತು, ನಡುವೆ ಅವನೇ ಕೂರಿಸಿದ ಬೀಗ. ಎದುರಿಗೆ ಟೀವಿ ಓಡುತ್ತಿತ್ತು. ವಿದೇಶದಲ್ಲೆಲ್ಲೋ ತೂಗುಬಂಡಿ ಕೆಟ್ಟು ನಿಂತು ಪ್ರವಾಸಿಗರು ಆಕಾಶದಲ್ಲಿ ನೇತಾಡುತ್ತಿದ್ದಾರೆಂದು ಅದು ಅರಚುತ್ತಿತ್ತು. (ಅವರೆಲ್ಲ ಆಮೇಲೆ ಸುಖವಾಗಿ ಕೆಳಗಿಳಿದು ಊಟಕ್ಕೆ ಹೋದರು.) ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮನುಷ್ಯ ಎಲ್ಲಿ ಸಾಯುತ್ತಾನೆ ಎಂಬ ವಿಷಯದಲ್ಲಿ ಬೀಗದಣ್ಣನಿಗೆ ಅಚಲವಾದ ಅಭಿಪ್ರಾಯವಿತ್ತು. ವಿದೇಶದಲ್ಲಿ.

ಅಭಿಪ್ರಾಯ ಸ್ವಂತದ್ದಲ್ಲ, ಟೀವಿಯದು. ಅವನ ಬೀಗ ರಿಪೇರಿ ಅಂಗಡಿ ನಾಲ್ಕು ಜನ ನಿಂತರೆ ಐದನೆಯವನು ಬೀದಿಯಲ್ಲಿರಬೇಕಾದಷ್ಟು ಇಕ್ಕಟ್ಟು. ಅದರಲ್ಲೂ ಒಂದು ಟೀವಿಗೆ ಜಾಗವಿತ್ತು. ಬೆಳಿಗ್ಗೆ ಬಾಗಿಲು ತೆರೆದೊಡನೆ ಅದರ ಗುಂಡಿ ಒತ್ತುವನು. ಅವನು ಅರದಿಂದ ಕೀಲಿ ಉಜ್ಜುತ್ತಿದ್ದರೆ ಮೇಲಿನಿಂದ ಒಬ್ಬ ನಿರೂಪಕ ಅವನ ಮಿದುಳನ್ನು ಉಜ್ಜುತ್ತಿದ್ದ. "ವಿದೇಶಕ್ಕೆ ಹೋಗುವ ಮುನ್ನ ಎಚ್ಚರ! ಹೋಟೆಲ್ ರೂಮಿನ ಕನ್ನಡಿಯ ಹಿಂದೆ ಯಾರಿದ್ದಾರೆ?" ಯಾರಿದ್ದಾರೆಂದು ಜಾಹೀರಾತು ಮುಗಿದ ಮೇಲೂ ಹೇಳುತ್ತಿರಲಿಲ್ಲ. ಹೇಳದೇ ಇದ್ದುದರಿಂದ ಯಾರು ಬೇಕಾದರೂ ಇರಬಹುದಾಗಿತ್ತು.

ಟೀವಿ ಬಿಟ್ಟ ಜಾಗವನ್ನು ಪಕ್ಕದ ಅಂಗಡಿಯ ಕನ್ನಡಕದವನು ತುಂಬುತ್ತಿದ್ದ. ಬೀಗದಣ್ಣನ ಹಳೆಯ ಗೆಳೆಯ. ಊರಿನವರ ದೃಷ್ಟಿದೋಷ ಸರಿಪಡಿಸುವುದು ಅವನ ಕಸುಬು, ಫೋನಿಗೆ ಬಂದ ವಿಡಿಯೋಗಳನ್ನೆಲ್ಲ ನೋಡದೆ ಮುಂದಕ್ಕೆ ಕಳಿಸುವುದು ಅವನ ಹವ್ಯಾಸ. ಇಬ್ಬರೂ ಸೇರಿ ಭೂಗೋಳವನ್ನು ಹಂಚಿಕೊಂಡಿದ್ದರು. ಈ ದೇಶದಲ್ಲಿ ಟ್ಯಾಕ್ಸಿಯವನು ಕಾಡಿಗೆ ಒಯ್ಯುತ್ತಾನೆ, ಆ ದೇಶದಲ್ಲಿ ಕಿಡ್ನಿ ಕೀಳುತ್ತಾರೆ. ಎರಡೂ ಆಗದ ದೇಶಗಳ ಬಗ್ಗೆ ಇನ್ನೂ ಸುದ್ದಿ ಬಂದಿರಲಿಲ್ಲ, ಅಷ್ಟೆ.

ಹೀಗೆ ಜಗತ್ತು ವ್ಯವಸ್ಥಿತವಾಗಿ ಹಾಳಾಗಿರುವಾಗ ಒಂದು ದಿನ ಹೆಂಡತಿ ಅಂಗಡಿಗೇ ಬಂದು ನಿಂತಳು.

"ರೀ, ತಂಗಿ ಫೋನ್ ಮಾಡಿದ್ಲು. ಕಣ್ಣು ಇನ್ನೂ ಮಂಜಾಗಿದೆಯಂತೆ. ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದೂ ನಿಲ್ಲಲ್ಲ ಅಂದ್ಬಿಟ್ರಂತೆ ಡಾಕ್ಟ್ರು."

"ಅಯ್ಯೋ ಪಾಪ. ಕನ್ನಡಕದವನಿಗೆ ಹೇಳಿ ಒಳ್ಳೇದೊಂದು..."

"ಕನ್ನಡಕಕ್ಕೆ ಬಗ್ಗೋ ಕಾಯಿಲೆ ಅಲ್ಲ ಅದು. ನಿನ್ನ ಮುಖ ಕಾಣೋವಾಗಲೇ ಒಂದ್ಸಲ ಬಂದು ಹೋಗು ಅಕ್ಕ ಅಂದ್ಲು. ನಾವು ಹೋಗ್ಬೇಕು."

ತಂಗಿ ಹಡಗಿನ ಅಡುಗೆಯವನೊಬ್ಬನನ್ನು ಮದುವೆಯಾಗಿ ಸಮುದ್ರದಾಚೆಗೆ ಹೋದವಳು. ಗಂಡ ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ, ಇವಳು ಒಬ್ಬಳೇ ಮನೆಯಲ್ಲಿ. ಬೀಗದಣ್ಣ ಅರ ಕೆಳಗಿಟ್ಟು ಟೀವಿಯ ಸದ್ದು ತಗ್ಗಿಸಿದ.

"ಅವಳನ್ನೇ ಇಲ್ಲಿಗೆ ಬರೋಕೆ ಹೇಳೇ."

"ಕಣ್ಣು ಕಾಣದೋಳು ಒಬ್ಬಳೇ ಬರಬೇಕು, ಕಣ್ಣಿರೋ ನೀವು ಕೂತ ಕುರ್ಚಿ ಬಿಡಬಾರದು. ಚೆನ್ನಾಗಿದೆ ನಿಮ್ಮ ನ್ಯಾಯ."

"ಅಲ್ಲಿ ಹಾಡಹಗಲೇ ಮನುಷ್ಯರನ್ನ ಎತ್ಕೊಂಡು ಹೋಗ್ತಾರೆ ಕಣೆ."

"ನಿಮ್ಮನ್ನ ಎತ್ತೋಕೆ ಕ್ರೇನ್ ಬೇಕು. ತರಲಿ ಬಿಡಿ, ನೋಡೋಣ."

"ನಿನಗೆ ತಮಾಷೆ. ನಿನ್ನೆ ತಾನೇ ತೋರಿಸಿದ್ರು..."

"ರೀ, ನಿಮ್ಮ ಟೀವಿಗೆ ಜಗತ್ತು ದಿನಾ ಮುಳುಗುತ್ತೆ. ನನ್ನ ತಂಗಿಗೆ ಒಂದೇ ಸಲ ಕತ್ತಲಾಗೋದು. ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ."

ಹೆಂಡತಿ ಒಬ್ಬಳೇ ಟ್ಯಾಕ್ಸಿಯಲ್ಲಿ ಕಾಡಿಗೆ ಹೋಗುವ ದೃಶ್ಯ ಕಣ್ಣ ಮುಂದೆ ಬಂದು ಬೀಗದಣ್ಣ ಹೊರಡಲು ಒಪ್ಪಿದ. ಕನ್ನಡಕದವನು ಅವನ ಎರಡೂ ಕೈ ಹಿಡಿದುಕೊಂಡು, ಆಪರೇಷನ್ನಿಗೆ ಒಳಗೆ ಒಯ್ಯುವವರನ್ನು ನೋಡುವಂತೆ ನೋಡಿದ. "ಯಾರ ಹತ್ರಾನೂ ಮಾತಾಡ್ಬೇಡ ಕಣೋ. ನಗಲೂ ಬೇಡ. ನಕ್ಕರೆ ಹತ್ರ ಬರ್ತಾರೆ."

ಸೂಟ್‌ಕೇಸಿಗೆ ಬೀಗದಣ್ಣ ಹಾಕಿದ ಬೀಗ ಬ್ಯಾಂಕಿನ ತಿಜೋರಿಗೆ ಹಾಕಬಹುದಾದದ್ದು. ವಿಮಾನ ನಿಲ್ದಾಣದಲ್ಲಿ ತೆರೆಯಿರಿ ಎಂದರು. ಅವನು ಕೊರಳ ದಾರದಿಂದ ಕೀಲಿ ತೆಗೆದು, ಬೆನ್ನು ತಿರುಗಿಸಿ, ಅಂಗೈ ಮರೆಮಾಡಿ ತೆರೆದ. ಬಟ್ಟೆಗಳ ನಡುವೆ ಬೀಗ ಬಿಚ್ಚುವ ಕೊಕ್ಕೆಗಳ ಕಟ್ಟು ಕಂಡಿತು. ಅಧಿಕಾರಿ ಆ ಕಟ್ಟನ್ನೂ ಬೀಗದಣ್ಣನ ಮುಖವನ್ನೂ ಒಂದಾದ ಮೇಲೊಂದು ನೋಡಿದ. ಈ ಪ್ರಯಾಣದಲ್ಲಿ ಮೊಟ್ಟಮೊದಲು ಒಬ್ಬರಿಗೆ ಭಯವಾದದ್ದು ಆಗಲೇ, ಮತ್ತು ಅದು ಬೀಗದಣ್ಣನಿಗಲ್ಲ.

ವಿಮಾನ ಬೀಳಲಿಲ್ಲ. ಟ್ಯಾಕ್ಸಿ ಕಾಡಿಗೆ ಹೋಗಲಿಲ್ಲ. ಚಾಲಕ ದಾರಿಯುದ್ದಕ್ಕೂ ಆಕಳಿಸಿದ. (ಅದೂ ಒಂದು ಸಂಚಿರಬಹುದೆಂದು ಬೀಗದಣ್ಣ ಎಚ್ಚರವಾಗಿಯೇ ಇದ್ದ.) ತಂಗಿ ಗೇಟಿನಲ್ಲೇ ನಿಂತಿದ್ದಳು. ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಸೂಜಿಗೆ ದಾರ ಪೋಣಿಸುವವಳ ಹಾಗೆ ಹತ್ತಿರ ಎಳೆದುಕೊಂಡು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದಳು.

"ದಪ್ಪಗಾಗಿದೀಯ ಕಣೇ ಅಕ್ಕ."

"ಅದೊಂದು ಸ್ಪಷ್ಟವಾಗಿ ಕಾಣಿಸ್ತು ನೋಡು ನಿನಗೆ!"

ಇಬ್ಬರೂ ನಗುತ್ತ ಅಳುತ್ತ ಒಳಗೆ ಹೋದರು. ಬೀಗದಣ್ಣ ಹೋಗಲಿಲ್ಲ. ಅವನು ಬಾಗಿಲನ್ನು ನೋಡುತ್ತ ನಿಂತುಬಿಟ್ಟಿದ್ದ.

"ಏನಮ್ಮಾ ಇದು, ಬಾಗಿಲು ಸುಮ್ನೆ ದೂಡಿದ್ರೆ ತೆರ್ಕೊಂತು?"

"ಹೂಂ ಭಾವ, ಬಾಗಿಲಲ್ವಾ ಅದು."

"ಬೀಗ ಹಾಕಲ್ವಾ?"

"ಹಾಕಿದ್ರೆ ಕೀಲಿ ತೂತು ಹುಡುಕೋದೇ ನನಗೊಂದು ಕೆಲಸ. ಬೀದೀಲಿ ಯಾರೂ ಹಾಕಲ್ಲ ಭಾವ. ನನಗೇನಾದ್ರೂ ಬೇಕಾದ್ರೆ ಅವರು ಬರ್ತಾರೆ, ಅವರಿಗೆ ಬೇಕಾದ್ರೆ ನಾನು ಹೋಗ್ತೀನಿ."

ಯಾರೂ ಹಾಕಲ್ಲ! ಹಲ್ಲಿನ ಡಾಕ್ಟರಿಗೆ ಯಾರೋ ಬಾಯಿ ತೆರೆದು, ಹಲ್ಲು ಉಜ್ಜುವುದೇ ಇಲ್ಲ ಎಂದಾಗ ಆಗುವಷ್ಟು ಸಂಕಟ ಅವನಿಗಾಯಿತು. ಕನ್ನಡಿಯ ಹಿಂದಿರುವವರು, ಕಿಡ್ನಿ ಕೀಳುವವರು, ಎಲ್ಲರೂ ದೂಡಿದರೆ ತೆರೆಯುವ ಬಾಗಿಲುಗಳಿಂದಲೇ ತಾನೆ ಬರುವುದು? ಇಂಥ ಬೀದಿಯಲ್ಲಿ ಕಣ್ಣು ಮಂಜಾದ ಹೆಣ್ಣೊಬ್ಬಳು ಒಬ್ಬಳೇ. ಸಂಜೆಯಾಗುತ್ತಿದ್ದಂತೆ ಅವನು ಚಳಿಗೆಂದು ಮಫ್ಲರನ್ನು ಕಿವಿ, ಮೂಗು, ಬಾಯಿ ಮುಚ್ಚಿ ಸುತ್ತಿಕೊಂಡ.

"ಎಲ್ಲಿಗ್ರೀ?"

"ಕಾಲಾಡಿಸ್ಕೊಂಡು ಬರ್ತೀನಿ."

"ಹೊರಗೆ ಅಪಾಯ ಅಂತಿದ್ರಿ?"

"ಅದಕ್ಕೇ ಹೋಗ್ತಿರೋದು."

ಬೀಗದಣ್ಣನಿಗೆ ಒಂದು ಕಸುಬಿನ ಚಾಳಿ ಇತ್ತು. ಕೂರಿಸಿದ ಬೀಗ ಸರಿ ಇದೆಯೋ ಎಂದು ನೋಡಲು ಹಿಡಿಯನ್ನು ಜಗ್ಗುವುದು, ಭುಜದಿಂದ ಬಾಗಿಲಿಗೊಂದು ಗುದ್ದು ಕೊಡುವುದು, ಆಮೇಲೆ ತೃಪ್ತಿಯಿಂದ ಗಂಟಲೊಳಗೇ "ಹೂಂ" ಅನ್ನುವುದು. ಅವನು ಪಕ್ಕದ ಮನೆಯ ಹಿಡಿ ಜಗ್ಗಿದ. ತೆರೆಯಿತು. ಆ ಬೀದಿಯ ಬಾಗಿಲುಗಳಿಗೆ ಒಳಬದಿಯ ಹಿಡಿಯಲ್ಲೊಂದು ಗುಂಡಿ. ಅದನ್ನು ಒತ್ತಿ ಎಳೆದುಕೊಂಡರೆ ಬೀಗ ತಾನಾಗಿ ಬೀಳುತ್ತದೆ. ಇಷ್ಟು ಸುಲಭದ ಕೆಲಸ ಮಾಡಲು ಇವರಿಗೇನು ರೋಗ? ಬೀಗದಣ್ಣ ಕೈ ಒಳಗೆ ತೂರಿಸಿ ಗುಂಡಿ ಒತ್ತಿ, ಬಾಗಿಲೆಳೆದು, ಜಗ್ಗಿ, ಗುದ್ದಿ, "ಹೂಂ" ಅಂದ. ಆಮೇಲೆ ಅದರಾಚೆಯ ಮನೆ. ಆಮೇಲೆ ಎದುರು ಸಾಲು. ಪರೋಪಕಾರ ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ಬೀದಿಯನ್ನು ಆ ತುದಿಯವರೆಗೂ ಭದ್ರಪಡಿಸಿ ಬಂದು, ವಿದೇಶದ ನೆಲದಲ್ಲಿ ಗೊರಕೆ ಹೊಡೆದ.

ಆ ಹೊತ್ತಿನಲ್ಲಿ ಬೀದಿಯವರೆಲ್ಲ ಕೀಲಿ ಒಳಗೇ ಬಿಟ್ಟು, ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುತ್ತಲೋ, ನಾಯಿಯನ್ನು ಸುತ್ತಾಡಿಸುತ್ತಲೋ ಇರುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ಮೂವರೂ ಟೀವಿಯ ಮುಂದೆ ಕೂತಿದ್ದಾಗ ಸ್ಥಳೀಯ ಸುದ್ದಿಯಲ್ಲಿ ಅದೇ ಬೀದಿ ಬಂತು. ಯಾರದೋ ಬಾಗಿಲ ಕ್ಯಾಮೆರಾದ ಚಿತ್ರ, ಪೂರ್ತಿ ಮಸುಕು. ಮುಖಕ್ಕೆ ಬಟ್ಟೆ ಸುತ್ತಿದ ಗುಡಾಣದಂಥ ಆಕೃತಿಯೊಂದು ಬಾಗಿಲಿಂದ ಬಾಗಿಲಿಗೆ ಹೋಗುತ್ತಿತ್ತು. ತಂಗಿ ಕೇಳಿ ಕೇಳಿ ಕನ್ನಡಕ್ಕೆ ತಂದಳು. "ಅಪರಿಚಿತ ವ್ಯಕ್ತಿಯಂತೆ... ಮನೆಗಳ ಒಳಗೆ ಕೈ ಹಾಕಿದಾನಂತೆ... ಏನೂ ಕದ್ದಿಲ್ಲವಂತೆ, ಅದೇ ಹೆಚ್ಚು ಭಯ ಅಂತಿದಾರೆ. ಎದುರು ಮನೆ ಪಿಟೀಲು ಮೇಷ್ಟ್ರು ಟವೆಲ್ಲಲ್ಲಿ ಹೊರಗೇ ಉಳಿದು, ಕಿಟಕಿ ಹತ್ತೋಕೆ ಹೋಗಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಬಿದ್ರಂತೆ."

"ನೋಡಿದ್ಯಾ?" ಬೀಗದಣ್ಣ ತೊಡೆ ತಟ್ಟಿ ಎದ್ದೇಬಿಟ್ಟ. "ನಾನು ಬಡ್ಕೊಂಡೆ, ನೀನು ಕೇಳಿದ್ಯಾ? ಟೀವಿಯವರು ಸುಳ್ಳು ಹೇಳ್ತಾರಾ? ನೋಡು ಅವನ ನಡಿಗೆ! ನೋಡಿದ್ರೇ ಗೊತ್ತಾಗುತ್ತೆ, ಕೊಲೆಗಡುಕ!"

ತಂಗಿ ಎದ್ದು ಹೋಗಿ ಮೂಗು ತಾಗುವಷ್ಟು ಹತ್ತಿರ ನಿಂತು ಪರದೆಯನ್ನು ನೋಡಿದಳು. ಆಕೃತಿ ಹಿಡಿ ಜಗ್ಗಿತು, ಭುಜದಿಂದ ಗುದ್ದಿತು, ತಲೆಯಾಡಿಸಿತು.

"ಭಾವ," ಅಂದಳು ಮೆತ್ತಗೆ, "ಇದು ನೀವಲ್ವಾ?"

ಹೆಂಡತಿ ಮೊದಲು ಪರದೆಯನ್ನು, ಆಮೇಲೆ ಗೂಟಕ್ಕೆ ನೇತುಹಾಕಿದ್ದ ಮಫ್ಲರನ್ನು, ಆಮೇಲೆ ಗಂಡನನ್ನು ನೋಡಿದಳು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಕನ್ನಡಕದವನು.

"ಬದುಕಿದೀಯೇನೋ? ಇಲ್ಲಿ ಟೀವಿ ಪೂರ್ತಿ ಅದೇ ಸುದ್ದಿ! 'ವಿದೇಶದಲ್ಲಿ ಬಾಗಿಲು ರಾಕ್ಷಸ, ನಮ್ಮವರು ಸುರಕ್ಷಿತವೇ?' ಅಂತ. ನಿನ್ನ ನಾದಿನಿ ಊರೇ ಕಣೋ! ನಾನು ಹತ್ತು ಸಲ ನೋಡಿದೆ, ಎಂಥ ಭೀಕರ ಮುಖ ಅಂತೀಯ!"

"ಮುಖ ಮುಚ್ಚಿದೆಯಲ್ಲೋ."

"ಮುಚ್ಚಿದ್ರೂ ಗೊತ್ತಾಗಲ್ವಾ? ಇಷ್ಟು ವರ್ಷದಿಂದ ಜನರ ಕಣ್ಣು ನೋಡ್ತಿದೀನಿ. ಅವನು ಸಿಕ್ಕಿದ್ನಾ?"

"ಸಿಕ್ಕಿದ," ಅಂದ ಬೀಗದಣ್ಣ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿದ್ದಳು. "ಈಗಷ್ಟೇ ಸಿಕ್ಕಿದ."

ಅಂದಿನಿಂದ ಬೀಗದಣ್ಣ ವಿದೇಶದಲ್ಲಿ ಕಂಡ ಪ್ರೇಕ್ಷಣೀಯ ಸ್ಥಳಗಳೆಂದರೆ ಆ ಬೀದಿಯ ಬಾಗಿಲುಗಳು. ಹೆಂಡತಿ ಮುಂದೆ, ತಂಗಿ ಅವಳ ತೋಳು ಹಿಡಿದು ಪಕ್ಕದಲ್ಲಿ, ಇವನು ಹಿಂದೆ. ಮನೆ ಮನೆಗೂ ಹೋಗಿ ಕೈಮುಗಿದದ್ದಾಯಿತು. ತಂಗಿ ಏನೆಂದು ಭಾಷಾಂತರಿಸಿದಳೋ, ಕೇಳಿದವರೆಲ್ಲ ಅವನನ್ನು ಕರುಣೆಯಿಂದ ನೋಡಿ ಕುಡಿಯಲು ಬಿಸಿಯಾಗಿ ಏನಾದರೂ ಕೊಟ್ಟರು. ತರಚುಗಾಯಕ್ಕೆ ಪಟ್ಟಿ ಅಂಟಿಸಿಕೊಂಡಿದ್ದ ಪಿಟೀಲು ಮೇಷ್ಟ್ರಂತೂ ಬಹಳ ಹೊತ್ತು ನಕ್ಕು, ಕೊನೆಗೆ ತಮ್ಮ ಪಿಟೀಲು ಪೆಟ್ಟಿಗೆಯ ಕೆಟ್ಟ ಚಿಲಕವನ್ನು ಇವನ ಮುಂದಿಟ್ಟರು. ಕೊಕ್ಕೆಗಳ ಕಟ್ಟನ್ನು ಅಧಿಕಾರಿ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಂಡಿದ್ದ. ಬೀಗದಣ್ಣ ತಂಗಿಯ ಹೇರ್‌ಪಿನ್ನಿನಲ್ಲಿ ಸರಿಮಾಡಿದ. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಅಕ್ಕತಂಗಿಯರು ದಿನಾ ನದಿಯ ದಂಡೆಗೆ, ತೋಟಕ್ಕೆ, ಪೇಟೆಗೆ ಹೋಗಿ ಬರುತ್ತಿದ್ದರು. ಅಕ್ಕ ಬಣ್ಣಗಳನ್ನು ಹೇಳುವಳು, ತಂಗಿ ಹೌದೋ ಅಲ್ಲವೋ ಎಂದು ಜಗಳ ಕಾಯುವಳು. ಬೀಗದಣ್ಣ ಬೀದಿಯಲ್ಲಿ ಕೂತು ಪರದೇಶದವರ ಕೆಟ್ಟ ಕೊಂಡಿ, ಸಡಿಲ ತಿರುಪುಗಳನ್ನು ಪುಕ್ಕಟೆ ರಿಪೇರಿ ಮಾಡುತ್ತಿದ್ದ.

ಊರಿಗೆ ಮರಳಿದಾಗ ಕನ್ನಡಕದವನು ಅಂಗಡಿಯ ಹೊಸ್ತಿಲಲ್ಲೇ ಅಪ್ಪಿಕೊಂಡ. "ಅಂತೂ ಪಾರಾಗಿ ಬಂದೆಯಲ್ಲೋ! ಈಗ ಹೇಗಿದೆ ಅಲ್ಲಿ ಪರಿಸ್ಥಿತಿ?"

ಹೆಂಡತಿಯೇ ಉತ್ತರ ಕೊಟ್ಟಳು. "ಈಗ ಪರವಾಗಿಲ್ಲ ಅಣ್ಣ. ನಾವು ಹೊರಟು ಬಂದ್ವಲ್ಲ."

ಬೀಗದಣ್ಣ ಟೀವಿ ನೋಡುವುದನ್ನು ಬಿಟ್ಟನೆಂದು ಬರೆದರೆ ಕಥೆಗೆ ಚೆಂದ. ಬಿಡಲಿಲ್ಲ. ಇನ್ನೊಂದು ದೇಶದ ಸುದ್ದಿ ಬಂದಾಗೆಲ್ಲ "ಅಲ್ಲಿ ಹೇಗೋ ಏನೋ, ನಮ್ಮ ಬೀದಿ ಮಾತ್ರ ಒಳ್ಳೇದು" ಅನ್ನುತ್ತಿದ್ದ. ನಮ್ಮ ಬೀದಿ ಎಂದರೆ ಅಂಗಡಿಯಿದ್ದ ಬೀದಿಯಲ್ಲ. ಆಮೇಲೆ ಒಂದು ಸಂಜೆ, ಯಾವ ನಿರೂಪಕನೂ ಎಚ್ಚರಿಕೆ ಕೊಡದೆ, ಎರಡು ಅಗುಳಿ ಒಂದು ಬೀಗದ ಒಳಗೆ, ಕುರ್ಚಿಯಲ್ಲೇ ಹೋಗಿಬಿಟ್ಟ. ಅಂಗಡಿಯ ಟೀವಿ ಈಗ ಕಪ್ಪಾಗಿದೆ. ಕನ್ನಡಕದವನು ಫೋನಿಗೆ ಬಂದ ವಿಡಿಯೋ ಕಳಿಸಲು ಹೋಗಿ, ಬೀಗದಣ್ಣನ ಹೆಸರಿನ ಮೇಲೆ ಬೆರಳಿಟ್ಟು, ಕಳಿಸದೆ ಕೊನೆಯವರೆಗೂ ತಾನೇ ನೋಡುತ್ತಾನೆ.

ಮೊನ್ನೆ ತಂಗಿ ಅಕ್ಕನಿಗೆ ಫೋನ್ ಮಾಡಿದ್ದಳು. ಅವಳಿಗೆ ಈಗ ಏನೂ ಕಾಣಿಸುವುದಿಲ್ಲ. ಸಾವಿನ ಸುದ್ದಿಯನ್ನು ಗೋಡೆ ಹಿಡಿದುಕೊಂಡು ಹೋಗಿ ಮನೆ ಮನೆಗೆ ತಾನೇ ಹೇಳಿ ಬಂದಳಂತೆ. ಅಂದು ಸಂಜೆ, ಯಾರೂ ಯಾರಿಗೂ ಹೇಳದೆ, ಬೀದಿಯವರೆಲ್ಲ ಬಾಗಿಲಿಗೆ ಬೀಗ ಹಾಕಿದರಂತೆ. ಗೌರವಕ್ಕೆ. ಅವರಲ್ಲಿ ಪಿಟೀಲು ಮೇಷ್ಟ್ರು ಕೀಲಿಯನ್ನು ಒಳಗೇ ಬಿಟ್ಟು ಹೊರಗುಳಿದಿದ್ದರು.

"ಎದುರು ಮನೆ ಬಾಗಿಲು ಜಗ್ಗಿ, ಭುಜದಿಂದ ಗುದ್ದೋ ಸದ್ದು ಕೇಳಿಸ್ತು ಅಕ್ಕ," ಅಂದಳು ತಂಗಿ. "ಒಂದು ಗಳಿಗೆ ಭಾವನೇ ಬಂದ್ರು ಅನ್ಕೊಂಡೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಟೀವಿಯವರು ಬಂದಿದ್ರಾ?"

"ಇಲ್ಲ."

"ಹಾಗಾದ್ರೆ ಅವರಲ್ಲ ಬಿಡು."