ರೈನ್ ಚೆಕ್ ತಗೊಂಡವರು

ಯೂನಿಯನ್‌ವಿಲ್‌ನ ನಮ್ಮ ಮನೆಗೆ ಜನ ಬಾರದೇ ಇರುವುದು ಆಗಾಗ ನಡೆಯುತ್ತಲೇ ಇರುತ್ತದೆ. ಕೆಲವು ಸಲ ಬಹಳ ಚೆನ್ನಾಗಿ ನಡೆಯುತ್ತದೆ.

ಅರ್ಥ

ಈ ದೇಶಕ್ಕೆ ಬಂದ ಹೊಸದರಲ್ಲಿ ಆಫೀಸಿನ ಸಹೋದ್ಯೋಗಿಯೊಬ್ಬಳನ್ನು ಊಟಕ್ಕೆ ಕರೆದೆ. "ಕ್ಯಾನ್ ಐ ಟೇಕ್ ಎ ರೈನ್ ಚೆಕ್?" ಅಂದಳು. ಮಳೆಯಿಂದ ಆಟ ನಿಂತರೆ ಇನ್ನೊಂದು ದಿನ ಬಂದು ನೋಡಿ ಅಂತ ಕೊಡುತ್ತಿದ್ದ ಚೀಟಿಯಂತೆ ಅದು. ಈಗಿನ ಅರ್ಥ, ಇವತ್ತು ಬೇಡ, ಇನ್ನೊಂದು ದಿನ ಖಂಡಿತ.

"ಯಾವ ದಿನ?" ಅಂತ ಕೇಳಿದೆ.

ಹಾಗೆ ಕೇಳುವ ಬಳಕೆ ಇಲ್ಲ ಎಂಬುದನ್ನು ಅವಳ ಮುಖ ನೋಡಿ ಕಲಿತೆ.

ಬಳಕೆ

ಬಂದ ಹೊಸದರಲ್ಲಿ ನಾರ್ತ್ ಯಾರ್ಕಿನ ಬೇಸ್‌ಮೆಂಟಿನಲ್ಲಿ ನಾನೂ ಹಾಸನದ ಗೆಳೆಯನೊಬ್ಬನೂ ಒಂದೇ ಕುಕ್ಕರಿನಲ್ಲಿ ಉಂಡವರು. ನನ್ನ ಅನ್ನ ಸದಾ ತಳ ಹಿಡಿಯುತ್ತಿತ್ತು. ಕುಕ್ಕರಿನ ಕೂಗು ಎಣಿಸುವ ಕೆಲಸ ಅವನದು. ಬಚ್ಚಲಿನಿಂದಲೇ ಕಿರುಚುತ್ತಿದ್ದ: "ಮೂರು ಕೂಗಾಯ್ತು, ಆರ್ಸೋ!"

ಈಗ ಅವನು ಅರೋರಾದಲ್ಲಿದ್ದಾನೆ. ಕಾರಿನಲ್ಲಿ ಅರ್ಧ ಗಂಟೆ. ಪ್ರತಿ ಹಬ್ಬಕ್ಕೂ ಕರೆಯುತ್ತೇನೆ. "ಈ ಸಲ ರೈನ್ ಚೆಕ್ ಕಣೋ," ಅನ್ನುತ್ತಾನೆ. ಯುಗಾದಿಯ ದಿನ ಹಿಮ ಬೀಳುತ್ತಿತ್ತು. ಆಗಲೂ ಅದನ್ನೇ ಅಂದ. ಈ ನುಡಿಗಟ್ಟಿಗೆ ಋತುಭೇದವಿಲ್ಲ.

ಹಂಬಲ

"ಆಗ ಅವನು ಬಾಗಿಲೂ ತಟ್ಟದೆ ಒಳಗೆ ಬರ್ತಿದ್ದ. ಹಾಗೆ ಯಾರಾದ್ರೂ ಬಂದ್ರೆ ಸಾಕು," ಅಂತ ಹೆಂಡತಿಗೆ ಹೇಳುತ್ತಲೇ ಇದ್ದೆ.

"ಬಂದ್ರೆ ಏನ್ಮಾಡ್ತೀರ?"

"ಓಡಿಹೋಗಿ ಬಾಗಿಲು ತೆಗೀತೀನಿ."

"ನೋಡೋಣ," ಅಂದಳು. ಅವಳು ನನ್ನನ್ನು ಬಲ್ಲಳು.

ಬೆಲ್

ಹೋದ ಭಾನುವಾರ ಮಧ್ಯಾಹ್ನ, ಒಲೆಯ ಮೇಲೆ ಕುಕ್ಕರ್ ಇಟ್ಟಿದ್ದಾಗ ಬೆಲ್ ಆಯಿತು. ಮೊದಲೇ ಮೆಸೇಜಿಲ್ಲ, ಫೋನಿಲ್ಲ. ಇಲ್ಲಿ ಹೇಳದೆ ಕೇಳದೆ ಬರುವವರು ಮನೆ ಬಿಸಿ ಮಾಡುವ ಫರ್ನೇಸ್ ಮಾರುವವರು ಮಾತ್ರ. ಟೀವಿ ಆರಿಸಿ ಇಬ್ಬರೂ ಸೋಫಾದ ಹಿಂದೆ ಕುಕ್ಕರುಗಾಲಲ್ಲಿ ಕೂತೆವು.

ಫೋನ್ ಮಿನುಗಿತು. ಅರೋರಾದ ಗೆಳೆಯ! "ನಿಮ್ಮನೆ ಬಾಗಿಲಲ್ಲಿದ್ದೀನಿ. ಇದ್ದೀರಾ?"

ಏಳಹೊರಟೆ. ಹೆಂಡತಿ ಅಂಗಿ ಹಿಡಿದೆಳೆದಳು. "ಈಗ ತೆಗೆದ್ರೆ ಅಡಗಿ ಕೂತಿದ್ದು ಗೊತ್ತಾಗಲ್ವೇನ್ರೀ?"

ನನಗೂ ಹೌದೆನ್ನಿಸಿತು. "ಅಯ್ಯೋ, ಹೊರಗಡೆ ಇದ್ದೀವಿ ಕಣೋ," ಅಂತ ಬರೆದೆ. ಅಷ್ಟು ವರ್ಷ ಕಾದವನು ನಾನೇ.

ಉತ್ತರ ಬಂತು: "ಪರವಾಗಿಲ್ಲ, ರೈನ್ ಚೆಕ್. ಅಂದಹಾಗೆ, ಮೂರು ಕೂಗಾಯ್ತು, ಆರ್ಸೋ."

ನಾನು ಓಡಿದ್ದು ಬಾಗಿಲಿಗೆ. ಅನ್ನ ತಳ ಹಿಡಿಯಿತು. ಅವನು ಎರಡು ಸಲ ಹಾಕಿಸಿಕೊಂಡ.